ಕೈ ಕಟ್ಟಿ ಕೂತವನಿಗೊಂದು ಫಲಕ

ಮಾನ್ಯ ಅಧ್ಯಕ್ಷರೇ, ಮಕ್ಕಳ ಕುರ್ಚಿಯ ಮೇಲೆ ದೊಡ್ಡವರ ಗಾಂಭೀರ್ಯದಿಂದ ಕುಳಿತಿರುವ ಮುಖ್ಯ ಅತಿಥಿಗಳೂ ಕೆಳಗಡೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕರೂ ಆದ ಮಹನೀಯರೇ, ನನ್ನಲ್ಲಿ ನನಗೇ ಪತ್ತೆಯಾಗದಿದ್ದ ಸದ್ಗುಣಗಳನ್ನು ಹುಡುಕಿ ತೆಗೆದು ಈಗಷ್ಟೇ ಓದಿ ಹೇಳಿದ ಕಾರ್ಯದರ್ಶಿಗಳೇ, ಈ ಉಚಿತ ಮಕ್ಕಳ ಕಾರ್ಯಾಗಾರದ ಅತ್ಯಂತ ಪ್ರತಿಭಾವಂತ ವಿದ್ಯಾರ್ಥಿಗಳಾದ ತಂದೆತಾಯಿಗಳೇ, ಮತ್ತು ಬಿಸ್ಕತ್ತು ಇನ್ನೊಂದು ಸುತ್ತು ಬಂದೀತೆಂಬ ನಂಬಿಕೆಯಲ್ಲಿ ಕುಳಿತಿರುವ ಸಭಿಕರೇ,

ಮಕ್ಕಳೇ ಎಂದು ನಾನು ಕರೆಯಲಿಲ್ಲ. ಮರೆತದ್ದಲ್ಲ. ಮಕ್ಕಳು ಸಭೆಯಲ್ಲಿಲ್ಲ. ಅವರು ಹಿಂದಿನ ವರಾಂಡದಲ್ಲಿ ಸಮಾರೋಪದ ಹಾಡನ್ನು ಅಭ್ಯಾಸ ಮಾಡುತ್ತಿದ್ದಾರೆ, ನಿಮಗೂ ಕೇಳಿಸುತ್ತಿದೆ. ಮಕ್ಕಳ ಕಾರ್ಯಾಗಾರದ ವಾರ್ಷಿಕ ಸಭೆಯಲ್ಲಿ ಮಕ್ಕಳೇ ಇಲ್ಲದಿರುವುದು ನಮ್ಮ ಸಂಸ್ಥೆಯ ನಡೆನುಡಿಗೆ ತಕ್ಕದ್ದೇ ಆಗಿದೆ. ಅದಕ್ಕಾಗಿ ಅಧ್ಯಕ್ಷರನ್ನು ಅಭಿನಂದಿಸುತ್ತೇನೆ.

ನನಗೆ ಐದು ನಿಮಿಷ ಮಾತಾಡಲು ಹೇಳಿದ್ದಾರೆ. ವಿತ್ ಡ್ಯೂ ರೆಸ್ಪೆಕ್ಟ್, ಐದು ನಿಮಿಷದಲ್ಲಿ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಹೇಳುತ್ತಿದ್ದರು, 'ಬ್ರೆವಿಟಿ ಈಸ್ ದಿ' ಎಂದು. ಏನೋ ಒಂದು. ಮುಂದಿನ ಪದ ನನಗೆ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ. ನನಗೆ ಇಂಗ್ಲಿಷಿನಲ್ಲಿ ಉತ್ತರ ಯಾವುದೂ ನೆನಪಿಲ್ಲ, ಪ್ರಶ್ನೆಪತ್ರಿಕೆಯ ತಲೆಬರಹ ಮಾತ್ರ ಚೆನ್ನಾಗಿ ನೆನಪಿದೆ. 'ಆನ್ಸರ್ ಎನಿ ಫೈವ್ ಆಫ್ ದಿ ಫಾಲೋಯಿಂಗ್.' ನಾನು ಎನಿ ಟೂ ಬರೆದು ಎದ್ದು ಬರುತ್ತಿದ್ದೆ.

ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ನೋಡಲಿ. ಅವರು ಹಲ್ಲಿನ ಡಾಕ್ಟರು. ಜನರ ಬಾಯಿ ತೆರೆಸುವುದು ಅವರ ವೃತ್ತಿ, ಮುಚ್ಚಿಸುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ.

ಮೊದಲನೆಯದಾಗಿ ಈ ಫಲಕಕ್ಕೆ ವಂದನೆಗಳು. ಚೆನ್ನಾಗಿದೆ. ಭಾರವಾಗಿದೆ. 'ನಿಸ್ವಾರ್ಥ ಸೇವೆಗಾಗಿ' ಎಂದು ಕೆತ್ತಿಸಿದ್ದೀರಿ. ಸಭಿಕರೇ, ಸನ್ಮಾನ ಎಂದರೇನು? ನಾನು ಒಂದು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಒಬ್ಬ ಮನುಷ್ಯ ಕುರ್ಚಿ ಬಿಟ್ಟು ಏಳುತ್ತಿಲ್ಲವೆಂದರೆ ಅವನನ್ನು ಎಬ್ಬಿಸಲು ಎರಡು ದಾರಿಗಳಿವೆ. ಒಂದು, 'ಏಳ್ರೀ' ಎನ್ನುವುದು. ಇನ್ನೊಂದು, 'ದಯವಿಟ್ಟು ವೇದಿಕೆಗೆ ಬನ್ನಿ' ಎನ್ನುವುದು. ನಮ್ಮ ಸಮಿತಿಯವರು ಸಂಸ್ಕಾರವಂತರು. ಎರಡನೆಯದನ್ನು ಆರಿಸಿದರು.

ಹೊಸಬರಿಗೆ ವಿಷಯ ತಿಳಿಯಬೇಕಲ್ಲವೇ? ಮುಂದಿನ ವರ್ಷದಿಂದ ಎರಡು ನಿಯಮಗಳು ಬರುತ್ತಿವೆ. ಒಂದು, ಪ್ರತಿ ಮಗುವೂ ತನ್ನ ಮನೆಯ ದೊಡ್ಡವರ ಪಕ್ಕದಲ್ಲೇ ಕೂರಬೇಕು, ಬೇರೆ ಟೇಬಲ್ಲಿಗೆ ಹೋಗಕೂಡದು. ಎರಡು, ಹನ್ನೆರಡು ತುಂಬಿದವರಿಗೆ ಪ್ರವೇಶವಿಲ್ಲ. ನನ್ನ ಮೊಮ್ಮಗಳಿಗೆ ಹೋದ ತಿಂಗಳು ಹನ್ನೆರಡು ತುಂಬಿತು. ಮಗುವಿಲ್ಲದ ದೊಡ್ಡವರಿಗೆ ಇಲ್ಲಿ ಮೊದಲಿನಿಂದಲೂ ಜಾಗವಿಲ್ಲ. ಅಂದಮೇಲೆ ನಾನು ಕೂರುವ ಆ ಮೂಲೆಯ ಟೇಬಲ್ಲೂ ಇಲ್ಲ, ಟೇಬಲ್ಲಿನ ಅಜ್ಜನೂ ಇಲ್ಲ. ಎಷ್ಟು ಅಚ್ಚುಕಟ್ಟು! ಯಾರ ಹೆಸರನ್ನೂ ಹೇಳದೆ ಒಬ್ಬನೇ ಒಬ್ಬನಿಗೆ ಹೊಲಿದ ಅಂಗಿಯಂತಿರುವ ನಿಯಮ. ಅಳತೆ ತೆಗೆದುಕೊಂಡವರಿಗೆ ನನ್ನ ನಮಸ್ಕಾರ.

ನನಗೇನೂ ಬೇಸರವಿಲ್ಲ. ಶನಿವಾರ ಬೆಳಿಗ್ಗೆ ನಾನು ಮನೆಯಲ್ಲಿ ಬೇಕಾದಷ್ಟು ಕೆಲಸ ಮಾಡಬಹುದು. ಉದಾಹರಣೆಗೆ ಕೂರಬಹುದು.

ಇಲ್ಲಿಗೆ ನಾನು ಬಂದದ್ದು ಹೇಗೆ? ನನ್ನ ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಈಗ ನನಗೆ 'ಸಾಕು' ಎಂದು ಕಣ್ಸನ್ನೆ ಮಾಡುತ್ತಿರುವವಳೇ ನನ್ನ ಮಗಳು. ಬಂಗಾರದಂಥ ಹುಡುಗಿ. ನಾನು ಲೋಟ ಎತ್ತಿದರೆ ಕೈಯಿಂದ ತೆಗೆದುಕೊಳ್ಳುತ್ತಾಳೆ. 'ಅಪ್ಪಾ ಬಿಡಿ, ಚೆಲ್ತೀರಿ.' ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರೆ, 'ಅಪ್ಪಾ, ಒಂದು ಗುಂಡಿ ಮೇಲೆ ಕೆಳಗಾಗಿದೆ, ಇರಿ ನಾನು ಹಾಕ್ತೀನಿ.' ಹಣ್ಣನ್ನೂ ಹೆಚ್ಚಿ ಕೊಡುತ್ತಾಳೆ, ಬಾಳೆಹಣ್ಣನ್ನೂ ಸುಲಿದು ಕೊಡುತ್ತಾಳೆ. ನನಗೆ ಮಾಡಲು ಉಳಿದಿರುವುದು ಅಗಿಯುವುದೊಂದೇ. ಅದಕ್ಕೂ ಒಂದು ಯಂತ್ರ ಬಂದರೆ ಅಧ್ಯಕ್ಷರ ದವಾಖಾನೆ ಮುಚ್ಚಬೇಕಾಗುತ್ತದೆ.

ಹೀಗಿರುವಾಗ ಒಂದು ದಿನ ಮಗಳು ಹೇಳಿದಳು, 'ಅಪ್ಪಾ, ಶನಿವಾರ ಇವಳನ್ನ ಆ ವರ್ಕ್‌ಶಾಪಿಗೆ ಕರ್ಕೊಂಡು ಹೋಗಿ. ಫ್ರೀ. ರಜಕ್ಕೆ ಮನೆ ಅಲಂಕಾರಕ್ಕೆ ಬೇಕಾದ್ದನ್ನೆಲ್ಲ ಮಕ್ಕಳ ಕೈಲೇ ಮಾಡಿಸ್ತಾರಂತೆ. ದೊಡ್ಡೋರು ಒಬ್ರು ಜೊತೇಲಿ ಇರಬೇಕಂತೆ, ನೀವು ಸುಮ್ನೆ ಕೂತ್ಕೊಂಡ್ರೆ ಸಾಕು.' ನಾನು ಬಂದೆ. ಸುಮ್ಮನೆ ಕುಳಿತೆ. ಅಲ್ಲಿಂದ ಶುರುವಾಯಿತು ನನ್ನ ನಿಸ್ವಾರ್ಥ ಸೇವೆ.

ಮೊದಲ ಶನಿವಾರ ಪೆನ್ನಿನ ಡಬ್ಬ. ನಾಲ್ಕು ಮರದ ಹಲಗೆ, ಒಂದು ತಳ, ಸಣ್ಣ ಮೊಳೆಗಳು, ಒಂದು ಸುತ್ತಿಗೆ. ನಾನು ಒಂದು ಹಲಗೆ ಹಿಡಿದುಕೊಳ್ಳಲು ಕೈ ಚಾಚಿದೆ. ಮೊಮ್ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. 'ಅಜ್ಜ, ಮುಟ್ಟಬೇಡಿ' ಅಂದಳು. ನಾನು ಕೈ ಕಟ್ಟಿಕೊಂಡೆ. ಕಾರ್ಯದರ್ಶಿಗಳು ಈಗ ತಮ್ಮ ಭಾಷಣದಲ್ಲಿ ಇದನ್ನೇ 'ವಿನೂತನ ಬೋಧನಾ ಕ್ರಮ' ಎಂದರು. ಸ್ವಾಮಿ, ಅದು ಕ್ರಮವಲ್ಲ. ಅದು ಭಯ.

ಆಗ ನಾನು ಸುತ್ತಮುತ್ತ ನೋಡಿದೆ. ನೋಡುವುದಕ್ಕೆ ಪುರುಸೊತ್ತಿದ್ದವನು ಇಡೀ ಹಾಲಿನಲ್ಲಿ ನಾನೊಬ್ಬನೇ. ಏನು ದೃಶ್ಯ! ಪಕ್ಕದ ಟೇಬಲ್ಲಿನಲ್ಲಿ ಕಟ್ಟಡದ ಇಂಜಿನಿಯರೊಬ್ಬರು ಅಂಗಿಯ ತೋಳು ಮಡಚಿ ಮೂಲೆಮಟ್ಟ ಹಿಡಿದು ಡಬ್ಬದ ಕೋನ ಪರೀಕ್ಷಿಸುತ್ತಿದ್ದರು. ಅವರ ಮಗ ಕುರ್ಚಿಯ ಕೆಳಗೆ ಕುಳಿತು ಅವರ ಶೂ ಲೇಸು ಬಿಚ್ಚಿ ಕಟ್ಟುತ್ತಿದ್ದ. ಆಚೆ ಟೇಬಲ್ಲಿನಲ್ಲಿ ಒಬ್ಬ ತಾಯಿ ಬಣ್ಣ ಹಚ್ಚುತ್ತಿದ್ದರು. ಮಗಳು 'ಅಮ್ಮಾ, ಒಂದ್ಸಲ ಕೊಡಮ್ಮ' ಎಂದರೆ, 'ಇರು ಪುಟ್ಟಾ, ಇದು ನಿಂದೇ, ನಾನು ಹಾಳು ಮಾಡಲ್ಲ' ಎನ್ನುತ್ತಿದ್ದರು. ಹಾಳು ಮಾಡುವುದಿಲ್ಲವೆಂದು ತಾಯಿಯೇ ಮಗಳಿಗೆ ಭಾಷೆ ಕೊಡುವುದನ್ನು ನಾನು ಮೊದಲ ಸಲ ಕಂಡದ್ದು ಇಲ್ಲಿಯೇ. ಇನ್ನು ನಮ್ಮ ಅಧ್ಯಕ್ಷರು. ಅವರು ಆಗಿನ್ನೂ ಅಧ್ಯಕ್ಷರಾಗಿರಲಿಲ್ಲ, ಬರೀ ತಂದೆಯಾಗಿದ್ದರು. ಮರುವಾರ ದವಾಖಾನೆಯಿಂದ ಒಂದು ಚೀಲ ತಂದರು. ಅದರಲ್ಲಿ ಹಲ್ಲು ಕೊರೆಯುವ ಯಂತ್ರ! ಹಕ್ಕಿಗೂಡಿನ ಬಾಗಿಲಿಗೆ ಎಷ್ಟು ದುಂಡಗೆ ತೂತು ಕೊರೆದರೆಂದರೆ, ಹಕ್ಕಿ ಬಾಯಿ ತೆಗೆದುಕೊಂಡೇ ಒಳಗೆ ಹೋಗಬೇಕಿತ್ತು.

ನಗಬೇಡಿ. ಅಧ್ಯಕ್ಷರೇ ನಗುತ್ತಿದ್ದಾರೆ, ಅಂದಮೇಲೆ ನಗಬಹುದು.

ಮೂರನೆಯ ವಾರವೋ ನಾಲ್ಕನೆಯದೋ, ಶೂ ಲೇಸಿನ ಹುಡುಗ ತೆವಳಿಕೊಂಡು ನಮ್ಮ ಟೇಬಲ್ಲಿನ ಕೆಳಗೆ ಬಂದ. ತಲೆ ಎತ್ತಿ ನನ್ನನ್ನು ಕೇಳಿದ. 'ಅಜ್ಜ, ನಿಮಗೆ ಏನೂ ಬರಲ್ವಾ?'

'ಏನೂ ಬರಲ್ಲಪ್ಪ' ಅಂದೆ.

'ಸುತ್ತಿಗೆ ಹೊಡೆಯಕ್ಕೆ?'

'ಹೊಡ್ಕೊಳ್ಳೋದು ಬರತ್ತೆ. ಬೆರಳಿಗೆ.'

'ನಿಜವಾಗ್ಲೂ?' ಎಂದು ಇನ್ನೊಮ್ಮೆ ಕೇಳಿದ. ನನ್ನ ಜೀವಮಾನದಲ್ಲಿ ಯಾರೂ ನನ್ನ ಅಯೋಗ್ಯತೆಯನ್ನು ಅಷ್ಟು ಆಸೆಯಿಂದ ವಿಚಾರಿಸಿರಲಿಲ್ಲ. ಮದುವೆಗೆ ಮುಂಚೆ ಮಾವನವರೂ ವಿಚಾರಿಸಿರಲಿಲ್ಲ. 'ಹಾಗಾದ್ರೆ ನಾನು ಇಲ್ಲೇ ಕೂರ್ತೀನಿ' ಎಂದು ಬಂದು ಕೂತ. ಅವನ ಹಿಂದೆ ಬಣ್ಣದ ಹುಡುಗಿ ಬಂದಳು. ಅವಳ ಹಿಂದೆ ಇನ್ನೊಬ್ಬ. ಸುದ್ದಿ ಹಬ್ಬಿತು: ಮೂಲೆಯಲ್ಲಿ ಒಬ್ಬ ಅಜ್ಜ ಇದ್ದಾನೆ, ಅವನಿಗೆ ಏನೂ ಬರುವುದಿಲ್ಲ. ಮಳೆಗಾಲದ ಮುಂಚೆ ಇರುವೆ ಸಾಲು ಬರುವ ಹಾಗೆ ಬಂದರು.

ತಂದೆತಾಯಿಗಳು ತಡೆದರೇ? ಇಲ್ಲ! ಇಲ್ಲಿಯೇ, ಸಭಿಕರೇ, ಈ ಸಂಸ್ಥೆಯ ನಿಜವಾದ ಸಾಧನೆ ಅಡಗಿದೆ. ಮಕ್ಕಳು ಎದ್ದು ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದವರಿಗೂ ಹಾಯೆನಿಸಿತು. ಮಧ್ಯೆ ಕೈ ಹಾಕುವವರಿಲ್ಲ, 'ಕೊಡು ಕೊಡು' ಎನ್ನುವವರಿಲ್ಲ. ಎಲ್ಲ ಟೇಬಲ್ಲುಗಳಲ್ಲೂ ದೊಡ್ಡವರು, ಒಂದೇ ಟೇಬಲ್ಲಿನಲ್ಲಿ ಮಕ್ಕಳು. ದೊಡ್ಡವರ ಕಡೆ ನಿಶ್ಶಬ್ದ, ಏಕಾಗ್ರತೆ, ನಾಲಗೆ ಸ್ವಲ್ಪ ಹೊರಗೆ ಚಾಚಿದ ಮುಖಗಳು. ಇಂಜಿನಿಯರ್ ಸಾಹೇಬರು ಕತ್ತರಿಗಾಗಿ ಪಕ್ಕದವರೊಂದಿಗೆ ಜಗಳವನ್ನೂ ಆಡಿದರು. 'ರೀ, ಮೊದ್ಲು ನಾನು ತಗೊಂಡಿದ್ದು!' ಎಂದರು. ವಾರವೆಲ್ಲ ನೂರಾರು ಜನರಿಗೆ ಕೆಲಸ ಹೇಳುವ ಮನುಷ್ಯ. ನನಗೆ ಅವರ ಮೇಲೆ ಪ್ರೀತಿ ಬಂದದ್ದು ಆವತ್ತೇ.

ನಮ್ಮ ಟೇಬಲ್ಲಿನಲ್ಲೋ, ಸಂತೆ. ಮೊಳೆ ಸೊಟ್ಟ, ಹಲಗೆ ಓರೆ, ನಕ್ಷತ್ರಕ್ಕೆ ಆರು ಮೂಲೆಯೂ ಇರಬಹುದು, ನಾಲ್ಕೂ ಇರಬಹುದು. ನಾನು ಹೇಳುತ್ತಿದ್ದದ್ದು ಒಂದೇ ಮಾತು. 'ಹೌದಾ?' ಅಷ್ಟೇ. 'ಅಜ್ಜ, ಇದು ದೋಣಿ.' 'ಹೌದಾ?' 'ಅಲ್ಲ, ಇದು ಮನೆ.' 'ಹೌದಾ?' ಇದಕ್ಕಿಂತ ಹೆಚ್ಚಿನ ಶಿಕ್ಷಣ ನನ್ನಿಂದ ಯಾರಿಗೂ ಸಿಕ್ಕಿಲ್ಲ.

ನೀವು ಕೇಳಬಹುದು, ಈತ ವೃತ್ತಿಯಲ್ಲಿ ಏನಾಗಿದ್ದ ಎಂದು. ಕಾರ್ಯದರ್ಶಿಗಳು 'ಉದ್ಯಮ ಕ್ಷೇತ್ರದಲ್ಲಿ ಉನ್ನತ ಹುದ್ದೆ' ಎಂದರು. ಅದು ಎತ್ತರದ ಸ್ಟೂಲು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಆ ಸ್ಟೂಲಿನ ಮೇಲೆ ಕುಳಿತು, ಮುಂದೆ ಸಾಗಿ ಬರುವ ಪೆಟ್ಟಿಗೆಗಳಲ್ಲಿ ಸೊಟ್ಟಗಿದ್ದದ್ದನ್ನು ಆರಿಸಿ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದೆ. ಸೊಟ್ಟ ಕಂಡರೆ ನನ್ನ ಕೈ ತಾನಾಗಿಯೇ ಏಳುತ್ತದೆ. ಅಂಥವನನ್ನು ತಂದು ಜಗತ್ತಿನ ಸಮಸ್ತ ಸೊಟ್ಟಗಳ ಮಧ್ಯೆ ಕೂರಿಸಿದರೆ ಕೈ ಕಟ್ಟದೆ ಇನ್ನೇನು ಮಾಡಲಿ? ಕಟ್ಟಿಕೊಂಡ ಕೈ ಒಳಗೊಳಗೇ ಎಷ್ಟು ಕುಣಿಯುತ್ತಿತ್ತೆಂದು ನಿಮಗೇನು ಗೊತ್ತು?

ಆದರೆ ಕೂರುವ ವಿದ್ಯೆ ನಾನು ಕಾರ್ಖಾನೆಯಲ್ಲಿ ಕಲಿತದ್ದಲ್ಲ. ಅದನ್ನು ಮನೆಯಲ್ಲಿ ಕಲಿತೆ. ಎಸೆದ ರಟ್ಟುಗಳನ್ನು ನಾನು ಮನೆಗೆ ತರುತ್ತಿದ್ದೆ, ಕೇಳಿಯೇ ತರುತ್ತಿದ್ದೆ. ಪ್ರತಿ ವರ್ಷಾಂತ್ಯದ ರಜೆ ಬಂತೆಂದರೆ ನನ್ನಾಕೆ ಅವುಗಳನ್ನು ನೆಲದ ತುಂಬ ಹರಡಿಕೊಂಡು ಕೂರುತ್ತಿದ್ದಳು. ಕಿಟಕಿಗೆ ತೂಗುದೀಪ, ಬಾಗಿಲಿಗೆ ಸರಪಳಿ, ಮಗಳಿಗೊಂದು ಊರು, ಊರಿಗೊಂದು ಸೇತುವೆ. ನಾನು ಸಹಾಯಕ್ಕೆ ಹೋದರೆ ಬಯ್ಯುತ್ತಿದ್ದಳು. 'ನೀವು ಮುಟ್ಟಿದ್ರೆ ಇದು ಫ್ಯಾಕ್ಟರಿ ಆಗತ್ತೆ. ಅಲ್ಲಿ ಕೂತ್ಕೊಂಡು ಮಾತಾಡಿ, ಸಾಕು.' ನಾನು ಗೋಡೆಗೆ ಒರಗಿ ಕುಳಿತು ಮಾತಾಡುತ್ತಿದ್ದೆ. ಏನು ಮಾತಾಡಿದೆನೋ. ಅವಳು ಕೇಳಿಸಿಕೊಳ್ಳುತ್ತಿದ್ದಳೆಂದು ನನಗೇನೂ ಭ್ರಮೆಯಿಲ್ಲ. ಒಮ್ಮೆ ಪರೀಕ್ಷಿಸೋಣವೆಂದು, 'ನಮ್ಮ ಮ್ಯಾನೇಜರು ಕಾರ್ಖಾನೆಗೆ ಆನೆ ತಂದಿದ್ದಾರೆ' ಎಂದೆ. 'ಒಳ್ಳೇದಾಯ್ತು' ಅಂದಳು, ಕತ್ತರಿಸುತ್ತಲೇ.

ಕೊನೆಯ ವರ್ಷ ಅವಳ ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಲ್ಲಿ ಕತ್ತರಿ ಹಿಡಿದು ಒಂದು ಕಾಗದದ ಪಟ್ಟಿ ಕತ್ತರಿಸಲು ಕುಳಿತಳು. ಒಂದೇ ಒಂದು ಪಟ್ಟಿ. ಸಂಜೆಯೆಲ್ಲ ಹಿಡಿಯಿತು. ಕಾಗದ ಜಾರುತ್ತದೆ, ಹಿಡಿಯುತ್ತಾಳೆ, ಕತ್ತರಿ ಜಾರುತ್ತದೆ. ನಾನು ಪಕ್ಕದಲ್ಲೇ ಇದ್ದೆ. ಒಂದು ಸಲ ಕೈ ಮುಂದೆ ಮಾಡಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಯ್ಯಲಿಲ್ಲ, ಬಯ್ಯಲು ಮಾತು ಬರುತ್ತಿರಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಕಟ್ಟಿಕೊಂಡೆ. ಪಟ್ಟಿ ಕತ್ತರಿಸಿ ಮುಗಿದಾಗ ಅದು ಹಾವು ಹರಿದಾಡಿದಂತಿತ್ತು. ಅವಳು ಅದನ್ನು ಎತ್ತಿ ನನಗೆ ತೋರಿಸಿದಳು.

ಎಲ್ಲಿದ್ದೆ?

ಪ್ರದರ್ಶನದ ವಿಷಯ. ಹೌದು. ಎರಡನೆಯದಾಗಿ, ಅಥವಾ ಎಷ್ಟನೆಯದೋ ಆಗಿ, ಹೋದ ವರ್ಷದ ಪ್ರದರ್ಶನ. 'ಮಕ್ಕಳ ಕೈಚಳಕ' ಎಂದು ಬ್ಯಾನರು. ಟೇಬಲ್ಲುಗಳ ಮೇಲೆ ಏನೇನು! ಬಾಗಿಲು ತೆರೆದು ಮುಚ್ಚುವ ಮನೆಗಳು, ಒಳಗೆ ದೀಪ ಉರಿಯುವ ಗೋಪುರ, ಕಿಟಕಿಗೆ ಪರದೆ ಬೇರೆ. ಪ್ರತಿಯೊಂದರ ಮುಂದೆಯೂ ಒಂದು ಚೀಟಿ: ಹೆಸರು, ವಯಸ್ಸು ಏಳು. ವಯಸ್ಸು ಆರು. ಒಂದರ ಮುಂದೆ ವಯಸ್ಸು ನಾಲ್ಕೂವರೆ. ಬಹುಮಾನ ಕೊಡಲು ಬಂದಿದ್ದ ಪುಣ್ಯಾತ್ಮರು ಹೊರಗಿನವರು, ಏನೂ ತಿಳಿಯದವರು. ಹಕ್ಕಿಗೂಡಿಗೆ ಮೊದಲ ಬಹುಮಾನ ಕೊಟ್ಟರು. ಡಾಕ್ಟರ ಮಗಳನ್ನು ವೇದಿಕೆಗೆ ಕರೆದು, ಮೈಕು ಮುಂದೆ ಹಿಡಿದು, ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟರು. 'ಇದನ್ನ ಹೇಗೆ ಮಾಡಿದೆ ಕಂದ?'

ಹುಡುಗಿ ಬಹಳ ಒಳ್ಳೆಯ ಹುಡುಗಿ. ತಂದೆಯಂತೆಯೇ ನೇರ. 'ನನಗೊತ್ತಿಲ್ಲ' ಅಂದಳು. 'ನಾನು ಅಜ್ಜನ ಟೇಬಲ್ಲಲ್ಲಿದ್ದೆ. ನಾನು ಮಾಡಿದ್ದು ಸೊಟ್ಟ ಇತ್ತು, ಅದಕ್ಕೇ ಅಪ್ಪ ಇದನ್ನ ಇಟ್ರು.'

ಆಮೇಲೆ ಏನಾಯಿತು? ತಂದೆತಾಯಿಗಳು ನಾಚಿಕೊಂಡರೇ? ಸಮಿತಿ ಸೇರಿ ವಿಚಾರ ಮಾಡಿತು. ತಪ್ಪು ಯಾರದು? ಮಗು ಬೇರೆ ಟೇಬಲ್ಲಿಗೆ ಹೋದದ್ದರಿಂದಲ್ಲವೇ ಈ ಅವಮಾನ? ಮಗು ತಂದೆಯ ಪಕ್ಕದಲ್ಲೇ ಕೂತು ನೋಡಿದ್ದರೆ ಹೇಗೆ ಮಾಡಿದ್ದೆಂದು ಹೇಳುತ್ತಿರಲಿಲ್ಲವೇ? ಆಹಾ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಇಲ್ಲಿ ಚೆನ್ನಾಗಿ ಕುಣಿಯುವವರಿಗೂ ನೆಲವೇ ಡೊಂಕಾಯಿತು. ಆ ವರ್ಷ ನನಗೆ ಬರೀ ಎಚ್ಚರಿಕೆ. ಈ ವರ್ಷ ಫಲಕ.

ಈ ವರ್ಷದ ಪ್ರದರ್ಶನ ಇಲ್ಲೇ ಪಕ್ಕದ ಕೋಣೆಯಲ್ಲಿದೆ. ನೀವು ಇನ್ನೂ ನೋಡಿಲ್ಲ, ಬಾಗಿಲಿಗೆ ರಿಬ್ಬನ್ನು ಕಟ್ಟಿದೆ. ನಾನು ನಿನ್ನೆ ನೋಡಿದೆ. ಅದ್ಭುತ. ಇಂಜಿನಿಯರ್ ಸಾಹೇಬರ ಸೇತುವೆಯ ಮೇಲೆ ನಾನು ನಡೆದು ಹೋಗಬಹುದು ಅನ್ನಿಸಿತು. ಆದರೆ ನಮ್ಮ ಮೂಲೆಯ ಟೇಬಲ್ಲಿನ ವಸ್ತು ಒಂದೂ ಕಾಣಲಿಲ್ಲ. ಕಾರ್ಯದರ್ಶಿಗಳನ್ನು ಕೇಳಿದೆ. ಅವರು ಬಹಳ ಮೆತ್ತಗೆ ಹೇಳಿದರು. 'ಜಾಗ ಸಾಲ್ಲಿಲ್ಲ ಅಜ್ಜ. ಗುಣಮಟ್ಟಾನೂ ನೋಡ್ಬೇಕಲ್ಲ. ಮಾಲೀಕರು ಫೋಟೋ ತೆಗೆಸಿ ಅಂಗಡೀಲಿ ಹಾಕ್ತಾರೆ. ನಿಮ್ಮೋರ್ದೆಲ್ಲ ಜೋಪಾನವಾಗಿ ಇಟ್ಟಿದೀವಿ.' ಎಲ್ಲಿ? ಮೆಟ್ಟಿಲ ಕೆಳಗೆ, ಪೊರಕೆಯ ಪಕ್ಕ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ.

ಸಭಿಕರೇ, ಪೆಟ್ಟಿಗೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜೋಪಾನ ಮಾಡಿದ ಪೆಟ್ಟಿಗೆ ಯಾವುದು, ಎಸೆದ ಪೆಟ್ಟಿಗೆ ಯಾವುದು ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಎಸೆದದ್ದರಲ್ಲಿ ವಸ್ತುಗಳು ತಲೆಕೆಳಗಾಗಿರುತ್ತವೆ.

ನೆಸೆಸಿಟಿ ಈಸ್ ದಿ ಮದರ್ ಆಫ್. ಯಾರ ಮದರ್ ಎಂದು ನನಗೆ ನೆನಪಿಲ್ಲ. ಯಾರದ್ದಾದರೂ ಇರಲಿ, ಆ ತಾಯಿಗೆ ಒಳ್ಳೆಯದಾಗಲಿ. ನಿನ್ನೆ ಸಂಜೆ ಮೊಮ್ಮಗಳು ನನ್ನನ್ನು ಕೇಳಿದಳು. 'ಅಜ್ಜ, ನಾಳೆ ನಿಮಗೆ ಎಷ್ಟು ಹೊತ್ತು ಮಾತಾಡಕ್ಕೆ ಕೊಟ್ಟಿದಾರೆ?'

'ಐದು ನಿಮಿಷ.'

'ಸಾಲಲ್ಲ' ಅಂದಳು. 'ನೀವು ಶುರು ಮಾಡಿದ್ರೆ ನಿಲ್ಸೋದೇ ಇಲ್ಲ ಅಂತ ಅಜ್ಜಿ ಹೇಳ್ತಿದ್ರಲ್ಲ. ಹಾಗೆ ಮಾತಾಡಿ. ಹಾಡು ನಿಲ್ಲೋ ತನಕ.'

ದಯವಿಟ್ಟು ಯಾರೂ ಏಳಬೇಡಿ. ಕಾರ್ಯದರ್ಶಿಗಳೇ, ಕೂತ್ಕೊಳ್ಳಿ, ಈಗ ಎದ್ದು ಪ್ರಯೋಜನವಿಲ್ಲ. ವರಾಂಡದ ಹಾಡನ್ನು ಕಿವಿಗೊಟ್ಟು ಕೇಳಿ. ಎಷ್ಟು ದನಿಗಳಿವೆ? ಎರಡೇ. ದೊಡ್ಡ ದನಿಯ ಇಬ್ಬರನ್ನು ಆರಿಸಿ ಅಲ್ಲಿ ನಿಲ್ಲಿಸಿದ್ದಾರೆ. ಅದರಲ್ಲೊಂದು ದನಿ ಅಧ್ಯಕ್ಷರ ಮಗಳದ್ದು, ತಂದೆಗೆ ಗುರುತು ಸಿಕ್ಕಿರಬೇಕು. ಉಳಿದವರು ಮೆಟ್ಟಿಲ ಕೆಳಗಿನ ಆ ಪೆಟ್ಟಿಗೆಯನ್ನು ಹೊತ್ತುಕೊಂಡು ಪ್ರದರ್ಶನದ ಕೋಣೆಯ ಹಿಂಬಾಗಿಲಿನಿಂದ ಒಳಗೆ ಹೋಗಿದ್ದಾರೆ. ಹಿಂಬಾಗಿಲಿನ ಚಿಲಕ ಹಾಕುವ ಜವಾಬ್ದಾರಿಯನ್ನು ಸಮಿತಿಯವರು ಒಬ್ಬ ನಿಸ್ವಾರ್ಥ ಸೇವಕನಿಗೆ ವಹಿಸಿದ್ದರು. ಅವನು ಹಾಕಲಿಲ್ಲ. ಬೇಕಾದರೆ ಈ ಫಲಕವನ್ನು ವಾಪಸು ತೆಗೆದುಕೊಳ್ಳಿ. ಹೆಸರು ಉಜ್ಜಿ ತೆಗೆದರೆ ಇನ್ನೊಬ್ಬರಿಗೆ ಆದೀತು. ಅಧ್ಯಕ್ಷರ ಬಳಿ ಯಂತ್ರವಿದೆ.

ನಿಮ್ಮ ವಸ್ತುಗಳಿಗೆ ಏನೂ ಆಗಿಲ್ಲ. ಹೆದರಬೇಡಿ. ಹಳೆಯ ಪತ್ರಿಕೆ ಸುತ್ತಿ, ಭಾರದ್ದು ಕೆಳಗೆ, ಹಗುರದ್ದು ಮೇಲೆ, ಒಂದಕ್ಕೊಂದು ತಾಗದ ಹಾಗೆ ಪೆಟ್ಟಿಗೆಯಲ್ಲಿ ಇಡುವುದನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನಾನು ಬಾಯಿ ಬಿಟ್ಟು ಕಲಿಸಿದ ಪಾಠ ಅದೊಂದೇ. ನೀವು ಮನೆಗೆ ಒಯ್ದು ನಿಮ್ಮ ಕಿಟಕಿಗೆ ತೂಗು ಹಾಕಿಕೊಳ್ಳಿ. ಚೀಟಿಯ ಮೇಲೆ ನಿಮ್ಮ ಹೆಸರು ಬರೆಯಿರಿ. ವಯಸ್ಸು ನಲವತ್ತೆರಡು, ವಯಸ್ಸು ಮೂವತ್ತೊಂಬತ್ತು ಎಂದು ಬರೆಯಿರಿ. ನಾಚಿಕೆ ಯಾಕೆ? ನೀವು ಎಷ್ಟು ಸಂತೋಷವಾಗಿದ್ದಿರೆಂದು ನಾನು ನೋಡಿದ್ದೇನೆ. ನಿಮಗೂ ಒಂದು ಉಚಿತ ಕಾರ್ಯಾಗಾರ ಬೇಕಾಗಿತ್ತು, ಕೇಳುವುದಕ್ಕೆ ಮುಖವಿಲ್ಲದೆ ಮಗುವಿನ ಕೈ ಹಿಡಿದುಕೊಂಡು ಬಂದಿರಿ. ಈ ಸಭಾಂಗಣವನ್ನು ನೀವೇ ಇಟ್ಟುಕೊಳ್ಳಿ. ಸುತ್ತಿಗೆ, ಕತ್ತರಿ, ಮೂಲೆಮಟ್ಟ ಎಲ್ಲ ನಿಮ್ಮದೇ. ಮಕ್ಕಳಿಗೆ ವರಾಂಡ ಸಾಕು.

ಆ ಒಂದು ಟೇಬಲ್ಲನ್ನು ಮಾತ್ರ ತೆಗೆಯಬೇಡಿ. ನಾನು ಕೇಳಿಕೊಳ್ಳುವುದು ಅಷ್ಟೇ. ನಿಯಮ ನಿಮ್ಮದು, ಬೀಗದ ಕೈ ನಿಮ್ಮದು, ನಾನೇ ಬಂದು ಕೂರಬೇಕೆಂದು ಹಟವಿಲ್ಲ. ಹಟವಿದೆ, ಆದರೆ ಬಿಡುತ್ತೇನೆ. ಬೇರೆ ಯಾರನ್ನಾದರೂ ಕೂರಿಸಿ. ಅರ್ಹತೆ ಹೆಚ್ಚೇನೂ ಬೇಕಿಲ್ಲ. ಎರಡು ಕೈಗಳಿರಬೇಕು, ಅವನ್ನು ಕಟ್ಟಲು ಬರಬೇಕು. 'ಹೌದಾ' ಎನ್ನಲು ನಾಲಗೆ ಹೊರಳಬೇಕು. ಏನೂ ಬರುವುದಿಲ್ಲವೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳಬೇಕು. ಇಷ್ಟು ದೊಡ್ಡ ಸಭೆಯಲ್ಲಿ ಅಂಥವರೊಬ್ಬರು ಸಿಗುವುದಿಲ್ಲವೇ? ಇಂಜಿನಿಯರ್ ಸಾಹೇಬರು ಪ್ರಯತ್ನಿಸಿದರೆ ಎರಡು ವರ್ಷದಲ್ಲಿ ತಯಾರಾದಾರು. ಅಲ್ಲಿಯವರೆಗೆ ನಾನು ಬಿಟ್ಟಿಯಾಗಿ ಬರುತ್ತೇನೆ.

ಇನ್ನೊಂದು ಮಾತು, ಇದು ನಾಲ್ಕನೆಯ ಸಾಲಿಗೆ. ಮಗಳೇ, ಒಳಗೆ ಹೋದಾಗ ಎಡಗಡೆಯ ಕೊನೆಯಲ್ಲಿ ಒಂದು ತೂಗುದೀಪ ಕಾಣಿಸುತ್ತದೆ. ಎಲ್ಲಕ್ಕಿಂತ ಸೊಟ್ಟ. ಅದರ ಮುಂದಿನ ಚೀಟಿಯಲ್ಲಿ ವಯಸ್ಸು ಎಪ್ಪತ್ತೊಂದು ಎಂದಿದೆ. ಮೂರು ಶನಿವಾರ ಹಿಡಿಯಿತು. ನಿನ್ನ ಮಗಳು ಪಕ್ಕದಲ್ಲಿ ಕುಳಿತಿದ್ದಳು, ಕೈ ಕಟ್ಟಿಕೊಂಡು. ನಾನು ಎರಡು ಸಲ ಬೆರಳು ಕುಯ್ದುಕೊಂಡೆ. ನೀನು ಕೇಳಿದಾಗ ಬಾಗಿಲು ತಾಗಿತೆಂದು ಸುಳ್ಳು ಹೇಳಿದ್ದು ಅದಕ್ಕೇ. ನಿಜ ಹೇಳಿದ್ದರೆ ನೀನು ಕತ್ತರಿ ಕಿತ್ತಿಟ್ಟುಕೊಳ್ಳುತ್ತಿದ್ದೆ. ನಿನ್ನಮ್ಮ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ನೀನೂ ನಗು, ನನಗೆ ಬೇಸರವಿಲ್ಲ. ಆದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡ.

ಕೇಳಿದಿರಾ? ಹಾಡು ನಿಂತಿತು.

ಅಂದಮೇಲೆ ನನ್ನ ಭಾಷಣವೂ ಮುಗಿಯಿತು. ಕುರ್ಚಿ ಕೊಟ್ಟ ಸಮಿತಿಗೆ, ಮರ ಕೊಟ್ಟ ಮಾಲೀಕರಿಗೆ, ಇಷ್ಟು ಹೊತ್ತು ಬಾಯಿ ಮುಚ್ಚಿಸದ ಅಧ್ಯಕ್ಷರಿಗೆ, ಮಕ್ಕಳಿಗೆ ಬೇಕಾದಷ್ಟು ಹೊತ್ತು ಒಬ್ಬರೂ ಎದ್ದು ಹೋಗದೆ ಕುಳಿತ ನಿಮಗೆಲ್ಲರಿಗೂ ವಂದನೆಗಳು. ರಿಬ್ಬನ್ನು ಕತ್ತರಿಸಲು ದೊಡ್ಡವರೇ ಹೋಗಿ, ಆ ಕೆಲಸ ನಿಮ್ಮಿಂದ ಚೆನ್ನಾಗಿ ಆಗುತ್ತದೆ. ಒಳಗೆ ನಿಧಾನವಾಗಿ ನೋಡಿ, ಯಾವುದನ್ನೂ ಮುಟ್ಟಬೇಡಿ. ಕೆಲವಕ್ಕೆ ಈಗಷ್ಟೇ ಹಚ್ಚಿದ ಅಂಟು ಇನ್ನೂ ಒಣಗಿಲ್ಲ.

ನಮಸ್ಕಾರ.